ರಣಹದ್ದು ಉಳಿಯಲು ಬಾಟಲಿ ಚಿಕ್ಕದಾಗಬೇಕಾಯಿತು

ಹಸುವಿನ ಕಾಲುನೋವಿಗೆ ಕೊಡುವ ಇಂಜೆಕ್ಷನ್ನಿಗೂ ಮುಗಿಲಲ್ಲಿ ಸುತ್ತುವ ರಣಹದ್ದಿಗೂ ಏನು ಸಂಬಂಧ? 1990ರ ದಶಕದಲ್ಲಿ ಈ ಪ್ರಶ್ನೆ ಯಾರ ತಲೆಗೂ ಬಂದಿರಲಿಲ್ಲ. ರಾಜಸ್ಥಾನದ ಭರತಪುರದಲ್ಲಿ ರಣಹದ್ದುಗಳು ಕತ್ತು ಜೋಲುಬಿಟ್ಟು ದಿನಗಟ್ಟಲೆ ಕೂತಿರುತ್ತಿದ್ದವು, ಆಮೇಲೆ ಕೊಂಬೆಯಿಂದ ಸತ್ತು ಬೀಳುತ್ತಿದ್ದವು. ಯಾವುದೋ ವೈರಸ್ ಇರಬೇಕು ಅಂದುಕೊಂಡವರೇ ಹೆಚ್ಚು. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ನಿಜ ಹೊರಬಿತ್ತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯೇ ಕಾರಣ. ಆ ಔಷಧಿ ಮೈಯಲ್ಲಿರುವಾಗಲೇ ಸತ್ತ ಹಸುವನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. 1992ರಿಂದ 2007ರ ಒಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡ 99.9ರಷ್ಟು ಹೋದವು. ಅಂದರೆ ಸಾವಿರಕ್ಕೆ ಒಂದು ಉಳಿಯಿತು.

2006ರಲ್ಲಿ ಸರ್ಕಾರ ಜಾನುವಾರು ಬಳಕೆಗೆ ಈ ಔಷಧಿಯನ್ನು ನಿಷೇಧಿಸಿತು. ಕಾರಣ ಸಿಕ್ಕಿತು, ಕಾನೂನು ಬಂತು, ಕಥೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಮನುಷ್ಯರಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿ ಅಂಗಡಿಗಳಲ್ಲಿ ಇದ್ದೇ ಇತ್ತು. ಅದೂ 30 ಮಿಲಿಲೀಟರಿನ ದೊಡ್ಡ ಬಾಟಲಿಯಲ್ಲಿ. ಮನುಷ್ಯನಿಗೆ ಒಂದು ಸಲಕ್ಕೆ ಬೇಕಾಗುವುದು 3 ಮಿಲಿಲೀಟರ್. ದೊಡ್ಡ ಬಾಟಲಿ ಹಸು ಎಮ್ಮೆಗಳ ಮೈತೂಕಕ್ಕೆ ಹೇಳಿ ಮಾಡಿಸಿದಂತಿತ್ತು. ಅಗ್ಗವೂ ಆಗಿತ್ತು. ಹೀಗಾಗಿ ನಿಷೇಧ ಕಾಗದದಲ್ಲಿತ್ತು, ಔಷಧಿ ಕೊಟ್ಟಿಗೆಯಲ್ಲಿತ್ತು.

2015ರಲ್ಲಿ ಹೊಸ ನಿಯಮ ಬಂತು. ಮನುಷ್ಯರ ಡೈಕ್ಲೋಫೆನಾಕ್ ಇಂಜೆಕ್ಷನ್ ಇನ್ನು ಮೇಲೆ 3 ಮಿಲಿಲೀಟರಿನ ಒಂಟಿ ಡೋಸಿನಲ್ಲಿ ಮಾತ್ರ ಸಿಗಬೇಕು. ಒಂದು ಹಸುವಿಗೆ ಚುಚ್ಚಬೇಕೆಂದರೆ ಈಗ ನಾಲ್ಕೈದು ಪುಟ್ಟ ಸೀಸೆ ಒಡೆಯಬೇಕು. ಖರ್ಚೂ ಜಾಸ್ತಿ, ರಗಳೆಯೂ ಜಾಸ್ತಿ. ಕಂಪನಿಗಳು ಕೋರ್ಟಿಗೆ ಹೋದವು, 2017ರಲ್ಲಿ ಮದ್ರಾಸ್ ಹೈಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ರಣಹದ್ದಿಗೆ ಅಪಾಯವಿಲ್ಲದ ಮೆಲೊಕ್ಸಿಕಾಮ್ ಎಂಬ ಬದಲಿ ಔಷಧಿ ಕೂಡ ಎಲ್ಲ ಕಡೆ ಸಿಗತೊಡಗಿತ್ತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಎಂಬ ಇನ್ನೆರಡು ಔಷಧಿಗಳಿಗೂ ಜಾನುವಾರು ಬಳಕೆಯಲ್ಲಿ ನಿಷೇಧ ಬಂತು.

ರಣಹದ್ದಿನ ಸಾವಿಗೆ ಕಾರಣ ಹುಡುಕಿದ್ದು ಪ್ರಾಣಿವಿಜ್ಞಾನ. ಅದನ್ನು ತಡೆಯಲು ಬೇಕಾದ ತಿಳಿವಳಿಕೆ ಬೇರೆ ಕಡೆಯಿಂದ ಬರಬೇಕಾಯಿತು. ರೈತ ಯಾವ ಔಷಧಿ ಕೊಳ್ಳುತ್ತಾನೆ, ಯಾಕೆ ಕೊಳ್ಳುತ್ತಾನೆ, ಅಂಗಡಿಯವನಿಗೆ ಎಷ್ಟು ಲಾಭ, ಬದಲಿ ಔಷಧಿಯ ಬೆಲೆ ಏನು? ಜೀವವೈವಿಧ್ಯ ಉಳಿಸಲು ಸಾಮಾಜಿಕ ಪರಿಹಾರಗಳ ಸಂಶೋಧನೆ ಎನ್ನುವುದು ಇಂಥ ಪ್ರಶ್ನೆಗಳ ಬೆನ್ನು ಹತ್ತುವ ಕೆಲಸ. ಇಲ್ಲಿ ಅಧ್ಯಯನಕ್ಕೆ ಒಳಗಾಗುವುದು ಹಕ್ಕಿಯಲ್ಲ, ನಾವು.

ಕಾರಣದ ಹಿಂದಿನ ಕಾರಣ

ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ವೇದಿಕೆಯೊಂದಿದೆ. ವಿಜ್ಞಾನಿಗಳ ತಿಳಿವಳಿಕೆಯನ್ನು ಒಟ್ಟುಮಾಡಿ ಸರ್ಕಾರಗಳ ಮುಂದಿಡುವ ಕೆಲಸವನ್ನು ಹವಾಮಾನಕ್ಕೆ ಐಪಿಸಿಸಿ ಎಂಬ ಸಂಸ್ಥೆ ಮಾಡಿದರೆ, ಜೀವಜಗತ್ತಿಗೆ ಇದು ಮಾಡುತ್ತದೆ. 2019ರ ಇದರ ವರದಿ ಸುಮಾರು 10 ಲಕ್ಷ ಜೀವಿಪ್ರಭೇದಗಳು ಅಳಿವಿನ ಅಂಚಿಗೆ ಬಂದಿವೆ ಎಂದಿತು. ನೇರ ಕಾರಣಗಳು ಐದು: ನೆಲ ಮತ್ತು ಕಡಲಿನ ಬಳಕೆ ಬದಲಾಗಿದ್ದು, ಬೇಟೆ ಮತ್ತು ಅತಿಯಾದ ಮೀನುಗಾರಿಕೆಯಂಥ ಲೂಟಿ, ಹವಾಮಾನ ಬದಲಾವಣೆ, ಮಾಲಿನ್ಯ, ಹೊರಗಿನಿಂದ ಬಂದು ಹಬ್ಬುವ ಜೀವಿಗಳು.

ಈ ಪಟ್ಟಿ ಶಾಲೆ ಮಕ್ಕಳಿಗೂ ಬಾಯಿಪಾಠ. ಆದರೆ ಕಾಡು ತಾನಾಗಿ ತೋಟವಾಗುವುದಿಲ್ಲ. ಯಾರೋ ಸಾಲ ಕೊಟ್ಟಿರುತ್ತಾರೆ, ಯಾರೋ ರಸ್ತೆ ಹಾಕಿರುತ್ತಾರೆ, ಎಲ್ಲೋ ಬೆಲೆ ಏರಿರುತ್ತದೆ. 2024ರ ಡಿಸೆಂಬರಿನಲ್ಲಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ಒಪ್ಪಿಗೆ ಪಡೆದ ಇದೇ ವೇದಿಕೆಯ ಇನ್ನೊಂದು ವರದಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಪ್ರಕೃತಿಯಿಂದ ದೂರವಾಗಿ ಅದರ ಮೇಲೆ ಯಜಮಾನಿಕೆ ನಡೆಸುವುದು, ಹಣ ಮತ್ತು ಅಧಿಕಾರ ಕೆಲವರ ಕೈಯಲ್ಲೇ ಸೇರಿಕೊಂಡಿರುವುದು, ಇವತ್ತಿನ ಲಾಭವನ್ನಷ್ಟೇ ನೋಡುವುದು ಎಲ್ಲದರ ಬೇರು ಎಂದಿತು. ಸರ್ಕಾರಗಳು ಕೂತು ಒಪ್ಪಿದ ವರದಿಯಲ್ಲಿ ಇಂಥ ಮಾತು ಬಂದಿದ್ದೇ ನನಗೆ ಆಶ್ಚರ್ಯ.

ಇದನ್ನೆಲ್ಲ ಓದುತ್ತಾ ಹೋದರೆ ನನಗೆ ಮತ್ತೆ ಮತ್ತೆ ಎದುರಾಗುವುದು ಎರಡು ಪ್ರಶ್ನೆ. ಖರ್ಚು ಯಾರದು? ತೀರ್ಮಾನ ಯಾರದು? ಯಾವುದೇ ಸಂರಕ್ಷಣಾ ಯೋಜನೆ ತೆಗೆದುಕೊಳ್ಳಿ, ಅದು ಗೆದ್ದಿದ್ದರೂ ಸೋತಿದ್ದರೂ ಕಾರಣ ಈ ಎರಡರ ಸುತ್ತಲೇ ಇರುತ್ತದೆ.

ಗೆದ್ದಿದೆ ಅಂತ ಹೇಳುವುದು ಹೇಗೆ?

ಇದು ಕೇಳಿದಷ್ಟು ಸುಲಭವಲ್ಲ. ಜ್ವರ ಬಂತು, ಮಾತ್ರೆ ನುಂಗಿದಿರಿ, ಮೂರು ದಿನಕ್ಕೆ ಇಳಿಯಿತು. ಮಾತ್ರೆಯಿಂದ ಇಳಿಯಿತೋ, ತಾನಾಗೇ ಇಳಿಯುತ್ತಿತ್ತೋ? ಕಾಡಿನ ವಿಷಯದಲ್ಲೂ ಇದೇ ಗೊಂದಲ. ಅಭಯಾರಣ್ಯದ ಒಳಗೆ ಮರ ಉಳಿದಿವೆ, ಹೊರಗೆ ಹೋಗಿವೆ. ಹಾಗಾದರೆ ಅಭಯಾರಣ್ಯ ಕೆಲಸ ಮಾಡಿತು ಅನ್ನಬಹುದೇ? ಬಹಳಷ್ಟು ಅಭಯಾರಣ್ಯಗಳು ಇರುವುದೇ ಕಡಿದಾದ ಬೆಟ್ಟದಲ್ಲಿ, ಪೇಟೆಯಿಂದ ದೂರದಲ್ಲಿ. ಘೋಷಣೆ ಮಾಡದಿದ್ದರೂ ಅಲ್ಲಿ ಯಾರೂ ಉಳುಮೆಗೆ ಹೋಗುತ್ತಿರಲಿಲ್ಲ. ಕೋಸ್ಟರಿಕಾದ ಕಾಡುಗಳ ಮೇಲೆ 2008ರಲ್ಲಿ ಬಂದ ಅಧ್ಯಯನವೊಂದು ಒಂದೇ ಥರದ ಇಳಿಜಾರು, ಒಂದೇ ಥರದ ಮಣ್ಣು, ರಸ್ತೆಯಿಂದ ಒಂದೇ ದೂರ ಇರುವ ಜಾಗಗಳನ್ನು ಜೋಡಿ ಮಾಡಿ ಹೋಲಿಸಿತು. ರಕ್ಷಣೆ ಇಲ್ಲದಿದ್ದರೆ ಆ ಕಾಡಿನಲ್ಲಿ ಸುಮಾರು ಶೇಕಡ 10ರಷ್ಟು ಹೋಗುತ್ತಿತ್ತು ಎಂದು ಲೆಕ್ಕ ಸಿಕ್ಕಿತು. ಒಳ್ಳೆಯ ಫಲವೇ. ಆದರೆ ಹಳೆಯ ಲೆಕ್ಕದ ವಿಧಾನ ಕೊಡುತ್ತಿದ್ದ ಅಂಕಿಗಿಂತ ತುಂಬಾ ಕಡಿಮೆ.

ಇನ್ನೂ ಗಟ್ಟಿ ದಾರಿ ಎಂದರೆ ಔಷಧಿ ಪರೀಕ್ಷೆಯ ಥರ ಚೀಟಿ ಎತ್ತಿ ಊರುಗಳನ್ನು ಆರಿಸುವುದು. ಉಗಾಂಡಾದ ಪಶ್ಚಿಮ ಭಾಗದಲ್ಲಿ ಇದನ್ನು ಮಾಡಿ ನೋಡಿದರು. ಅದು ಚಿಂಪಾಂಜಿಗಳ ನೆಲೆ. ಕಾಡು ಹೆಚ್ಚಾಗಿ ರೈತರ ಖಾಸಗಿ ಜಮೀನಿನಲ್ಲೇ ಇದೆ. ಒಟ್ಟು 121 ಹಳ್ಳಿಗಳಲ್ಲಿ ಸರಿಸುಮಾರು ಅರ್ಧಕ್ಕೆ ಒಂದು ಮಾತು ಕೊಟ್ಟರು: ಮರ ಕಡಿಯದಿದ್ದರೆ ಹೆಕ್ಟೇರಿಗೆ ವರ್ಷಕ್ಕೆ 70,000 ಉಗಾಂಡಾ ಶಿಲ್ಲಿಂಗ್, ಆಗಿನ ಲೆಕ್ಕದಲ್ಲಿ 28 ಡಾಲರ್. ಉಳಿದ ಹಳ್ಳಿಗಳಿಗೆ ಏನೂ ಇಲ್ಲ. ಎರಡು ವರ್ಷ ಬಿಟ್ಟು ಉಪಗ್ರಹ ಚಿತ್ರ ನೋಡಿದರೆ ಹಣ ಸಿಗದ ಹಳ್ಳಿಗಳಲ್ಲಿ ಮರದ ಹೊದಿಕೆ ಶೇಕಡ 9.1 ಕುಗ್ಗಿತ್ತು, ಹಣ ಸಿಕ್ಕ ಕಡೆ ಶೇಕಡ 4.2. ಜನ ಇಲ್ಲಿ ಬಿಟ್ಟು ಪಕ್ಕದ ಕಾಡಿಗೆ ಕೊಡಲಿ ಹಿಡಿದು ಹೋದರೇ ಎಂದೂ ನೋಡಿದರು. ಹಾಗಾದ ಸುಳಿವು ಸಿಗಲಿಲ್ಲ. 2017ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಈ ಕ್ಷೇತ್ರದವರು ಇವತ್ತಿಗೂ ಎತ್ತಿ ಹೇಳುತ್ತಾರೆ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹಣ ಕೊಡುತ್ತೇವೆಂದರೂ ಅರ್ಹ ರೈತರಲ್ಲಿ ಸೇರಿದವರು ಮೂರರಲ್ಲಿ ಒಬ್ಬರು ಮಾತ್ರ. ಕಾಗದಕ್ಕೆ ಸಹಿ ಹಾಕಿದರೆ ಜಮೀನು ಹೋದೀತು ಎಂಬ ಭಯ ಯಾವ ದೇಶದ ರೈತನಿಗೆ ಇರುವುದಿಲ್ಲ ಹೇಳಿ.

ರಣಹದ್ದಿನ ವಿಷಯಕ್ಕೇ ಬಂದರೆ ಇಂಥದೇ ಹೋಲಿಕೆಯಿಂದ ಒಂದು ದೊಡ್ಡ ಲೆಕ್ಕ ಹೊರಬಂತು. ಇಬ್ಬರು ಅರ್ಥಶಾಸ್ತ್ರಜ್ಞರು, ಏಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ಮೊದಲಿನಿಂದ ರಣಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಇಲ್ಲದ ಜಿಲ್ಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಔಷಧಿ ಬಂದ ಮೇಲೆ ಮೊದಲ ಗುಂಪಿನ ಜಿಲ್ಲೆಗಳಲ್ಲಿ ಮನುಷ್ಯರ ಸಾವಿನ ಪ್ರಮಾಣ ಶೇಕಡ 4ಕ್ಕೂ ಹೆಚ್ಚು ಏರಿತ್ತು. ಸತ್ತ ದನ ಊರಾಚೆ ಕೊಳೆಯುತ್ತಿತ್ತು, ನೀರು ಕೆಡುತ್ತಿತ್ತು, ಬೀದಿನಾಯಿಗಳು ಹೆಚ್ಚಿದವು, ಅದರ ಜತೆ ರೇಬೀಸ್. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಎಂಬುದು ಅವರ ಅಂದಾಜು. ಪುಕ್ಕಟೆ ಕೆಲಸ ಮಾಡುತ್ತಿದ್ದ ಹಕ್ಕಿ ಹೋಯಿತು. ಅದರ ಖರ್ಚನ್ನು ಕೊಟ್ಟವರು ಅದೇ ಹಳ್ಳಿಗಳ ಜನ.

ದುಡ್ಡು ಕೊಟ್ಟರೆ ಸಾಕೇ?

ಹಾಗಾದರೆ ಎಲ್ಲ ಕಡೆ ದುಡ್ಡು ಹಂಚಿದರಾಯಿತು ಅನ್ನಿಸಬಹುದು. ಇಲ್ಲೊಂದು ಕೊಕ್ಕೆ ಇದೆ. ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳಿಂದ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿ ನೋಡಿದರು. ತಡ ಮಾಡುವವರು ಕಡಿಮೆಯಾಗುವ ಬದಲು ಹೆಚ್ಚಾದರು. ಮೊದಲು ಟೀಚರಿಗೆ ತೊಂದರೆಯಾಗುತ್ತದೆ ಎಂಬ ಸಂಕೋಚ ಇತ್ತು. ಈಗ ದಂಡ ಕಟ್ಟಿದರೆ ಲೆಕ್ಕ ಚುಕ್ತಾ. ದಂಡ ತೆಗೆದ ಮೇಲೂ ಸಂಕೋಚ ವಾಪಸ್ ಬರಲಿಲ್ಲ. 2000ದಲ್ಲಿ ಪ್ರಕಟವಾದ ಈ ಸಣ್ಣ ಪ್ರಯೋಗವನ್ನು ಸಂರಕ್ಷಣೆಯ ಸಂಶೋಧಕರು ಇಂದಿಗೂ ನೆನೆಯುತ್ತಾರೆ. ಪ್ರೀತಿಯಿಂದಲೋ ಭಕ್ತಿಯಿಂದಲೋ ನಡೆಯುತ್ತಿದ್ದ ಕೆಲಸಕ್ಕೆ ದರ ನಿಗದಿ ಮಾಡಿದರೆ ಏನಾಗುತ್ತದೆ ಎಂಬುದು ಅವರ ಆತಂಕ.

ಈ ಆತಂಕವನ್ನು ಕೊಕ್ಕರೆ ಬೆಳ್ಳೂರಿನಲ್ಲಿ ಇಟ್ಟು ನೋಡೋಣ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಊರು ಶಿಂಷಾ ನದಿಯ ಹತ್ತಿರ ಇದೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಇಲ್ಲಿ ಕಾಡಿನಲ್ಲಿ ಗೂಡು ಕಟ್ಟುವುದಿಲ್ಲ, ಊರ ನಡುವೆ, ಹಿತ್ತಲ ಹುಣಸೆ ಮರಗಳ ಮೇಲೆ ಕಟ್ಟುತ್ತವೆ. ತವರಿಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳು ಇವು ಎನ್ನುವುದು ಊರವರ ಮಾತು. ಹಿಂದೆ ಪ್ಲೇಗ್ ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದೂ ಹೇಳುತ್ತಾರೆ.

ಹುಣಸೆ ಮರದ ಕಡೆಯಿಂದ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಹಕ್ಕಿ ಗೂಡಿನಲ್ಲಿ ಮರಿ ಇಟ್ಟುಕೊಂಡಿರುವ ಕಾಲವೂ ಹುಣಸೆ ಉದುರಿಸುವ ಕಾಲವೂ ಒಂದೇ. ಮರ ಹತ್ತಿ ಕೋಲು ಬೀಸಿದರೆ ಮರಿ ಕೆಳಗೆ. ಸುಮ್ನೆ ಬಿಟ್ಟರೆ ಹಿಕ್ಕೆ ಬಿದ್ದು ಬೆಳೆ ಹಾಳು. ಅಂಗಳದಲ್ಲಿ ಮೀನಿನ ವಾಸನೆ ಬೇರೆ. ಹಿಕ್ಕೆ ಗೊಬ್ಬರವಾಗುತ್ತದೆ ಅನ್ನುವುದು ನಿಜ, ಆದರೆ ಸರ್ಕಾರಿ ಗೊಬ್ಬರದ ಚೀಲ ಸುಲಭವಾಗಿ ಸಿಗತೊಡಗಿದ ಮೇಲೆ ಆ ಲಾಭಕ್ಕೆ ಮೊದಲಿನ ಬೆಲೆ ಉಳಿಯಲಿಲ್ಲ. ಹಾಗಾಗಿ ಗೂಡು ಇರುವ ಮರಕ್ಕೆ ಇಷ್ಟು ಎಂದು ಅರಣ್ಯ ಇಲಾಖೆ ಮಾಲೀಕರಿಗೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಊರ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ದುಡ್ಡು ಬಂದಿದ್ದರಿಂದ ತವರುಮನೆಯ ಭಾವ ಸತ್ತಿತೇ? ಹಾಗೆ ಅನ್ನಿಸುವುದಿಲ್ಲ. ಆ ಮೊತ್ತ ಯಾರ ಹೊಟ್ಟೆಯನ್ನೂ ತುಂಬಿಸುವಂಥದ್ದಲ್ಲ. ನಿಮ್ಮ ನಷ್ಟ ನಮಗೆ ಗೊತ್ತಿದೆ ಎಂದು ಹೇಳುವ ಒಂದು ರೀತಿ ಅದು. ಆದರೆ ಇಂಥ ಹಣ ಒಮ್ಮೆ ಶುರು ಮಾಡಿದ ಮೇಲೆ ತಡವಾದರೆ, ಅಥವಾ ಹುಣಸೆ ಬೆಲೆ ಏರಿದರೂ ಅದು ಅಲ್ಲೇ ನಿಂತರೆ, ಕೊಡದೇ ಇದ್ದಾಗಿನ ಸ್ಥಿತಿಗಿಂತ ಕೆಟ್ಟ ಸ್ಥಿತಿ ಬರುತ್ತದೆ. ಆಗ ಜನ ಅದನ್ನು ಅವಮಾನ ಎಂದೇ ತೆಗೆದುಕೊಳ್ಳುತ್ತಾರೆ.

ಗುಜರಾತಿನ ಕರಾವಳಿಯಲ್ಲೂ ಇಂಥದೇ ಜೋಡಣೆ ಕೆಲಸ ಮಾಡಿತು. ತಿಮಿಂಗಿಲ ಶಾರ್ಕ್ ಎಂಬ ದೈತ್ಯ ಮೀನನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. 2004ರಲ್ಲಿ ಶುರುವಾದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು ಅದನ್ನು ತವರಿಗೆ ಬಂದ ಮುದ್ದಿನ ಮಗಳು ಎಂದು ಕರೆದರು. ಮಾತು ಮೀನುಗಾರರ ಮನಸ್ಸಿಗೆ ನಾಟಿತು. ಜತೆಗೆ, ಸಿಕ್ಕಿಬಿದ್ದ ಮೀನನ್ನು ಬಿಡಿಸಲು ಬಲೆ ಕತ್ತರಿಸಿದರೆ ಅದಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. ಬರೀ ಕಥೆ ಹೇಳಿದ್ದರೆ ಸಾವಿರಾರು ರೂಪಾಯಿಯ ಬಲೆ ಯಾರೂ ಕತ್ತರಿಸುತ್ತಿರಲಿಲ್ಲ. ಬರೀ ಹಣ ಇಟ್ಟಿದ್ದರೆ ಅರ್ಜಿ ಹಿಡಿದು ಕಚೇರಿ ಸುತ್ತುವ ತಾಪತ್ರಯ ಯಾರಿಗೂ ಬೇಕಿರಲಿಲ್ಲ.

ಕರ್ನಾಟಕದ ಬಂಡೀಪುರ, ನಾಗರಹೊಳೆ ಸುತ್ತಲಿನ ರೈತರನ್ನು ಕೇಳಿದರೆ ಈ ಅರ್ಜಿಯ ಕಥೆ ಚೆನ್ನಾಗಿ ಹೇಳುತ್ತಾರೆ. ಆನೆ ಒಂದೇ ರಾತ್ರಿಯಲ್ಲಿ ಬಾಳೆ ತೋಟ ಮುಗಿಸುತ್ತದೆ. ಪರಿಹಾರದ ನಿಯಮ ಇದೆ, ಫೋಟೋ ಬೇಕು, ಪಹಣಿ ಬೇಕು, ಕಚೇರಿಗೆ ಓಡಾಡಬೇಕು. 2015ರಲ್ಲಿ ವೈಲ್ಡ್ ಸೇವೆ ಎಂಬ ಉಚಿತ ಫೋನ್ ಸಹಾಯ ಶುರುವಾಯಿತು. ಕರೆ ಮಾಡಿದರೆ ಸಿಬ್ಬಂದಿಯೇ ಜಮೀನಿಗೆ ಬಂದು ಕಾಗದಪತ್ರ ಮಾಡಿಕೊಡುತ್ತಾರೆ. ಹೊಸ ಕಾನೂನೇನೂ ಬೇಕಾಗಲಿಲ್ಲ, ಇದ್ದ ಕಾನೂನಿನ ಬಾಗಿಲು ರೈತನಿಗೂ ತೆರೆಯಿತು ಅಷ್ಟೆ. ಇಂಥ ಸಣ್ಣ ಕೆಲಸಗಳಿಗೆ ದೊಡ್ಡ ಸಮ್ಮೇಳನಗಳಲ್ಲಿ ಜಾಗ ಸಿಗುವುದು ಕಡಿಮೆ.

ಒಳ್ಳೆಯ ಉದ್ದೇಶದ ಕೆಟ್ಟ ಫಲ

ಮರ ಉಳಿಸಲು ಮಾಡಿದ ನಿಯಮವೇ ಮರಕ್ಕೆ ಮುಳುವಾಗುವುದೂ ಉಂಟು. ಕೊಡಗಿನ ಕಾಫಿ ತೋಟ ನೋಡಿ. ಹಳೆಯ ತೋಟಗಳಲ್ಲಿ ಕಾಡುಮರಗಳ ನೆರಳಿನಲ್ಲೇ ಕಾಫಿ ಬೆಳೆಯುತ್ತಿತ್ತು. ಮಂಗಟ್ಟೆ ಹಕ್ಕಿಗೆ ಬೇಕಾದ ಹಣ್ಣಿನ ಮರ, ಜೇನು ಕಟ್ಟುವ ದೊಡ್ಡ ಮರ ಎಲ್ಲ ತೋಟದಲ್ಲೇ. ಆದರೆ ಅಲ್ಲಿನ ಎಷ್ಟೋ ಜಮೀನುಗಳಲ್ಲಿ ನೆಲ ರೈತನದು, ನಾಡಿನ ಮರ ಮಾತ್ರ ಸರ್ಕಾರದ್ದು. ಒಂದು ಬೀಟೆ, ಒಂದು ಹೊನ್ನೆ ಕಡಿಯಲು ಅನುಮತಿಗೆ ಅಲೆಯಬೇಕು, ಸಿಗುವ ಹಣದ ಲೆಕ್ಕವೂ ಸಿಕ್ಕು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಈ ತಲೆನೋವಿಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಸಲೀಸಾಗಿ ಹಬ್ಬುತ್ತದೆ, ಬೇಕೆಂದಾಗ ಮಾರಬಹುದು.

ನೀವು ಬೆಳೆಗಾರರಾಗಿದ್ದರೆ ಯಾವುದನ್ನು ನೆಡುತ್ತಿದ್ದಿರಿ? ಇರುವ ದೊಡ್ಡ ಕಾಡುಮರ ಮುರಿದುಬಿದ್ದರೆ ಅದರ ಜಾಗಕ್ಕೆ ಸಸಿ ಬೆಳೆಯಲು ಬಿಡುತ್ತಿದ್ದಿರಾ? ಕಾಡುಮರದ ಸಸಿ ಉಳಿಸುವುದು ಎಂದರೆ ಮುಂದೆ ಒಬ್ಬ ಪಾಲುದಾರನನ್ನು ತೋಟದೊಳಗೆ ಬಿಟ್ಟುಕೊಂಡಂತೆ. ಹೀಗೆ ಯಾರೂ ಕಾನೂನು ಮುರಿಯದೆ, ಯಾರೂ ಕೊಡಲಿ ಎತ್ತದೆ, ತೋಟಗಳಲ್ಲಿ ಸಿಲ್ವರ್ ಓಕ್ ಹೆಚ್ಚುತ್ತಾ ಹೋಯಿತು. ಉಪಗ್ರಹದಲ್ಲಿ ನೋಡಿದರೆ ಹಸಿರು ಹಸಿರೇ. ಆ ಹಸಿರಿನಲ್ಲಿ ಯಾವ ಮರ ಇದೆ ಎಂದು ಹತ್ತಿರ ಹೋಗಿ ನೋಡಿದಾಗಲೇ ಗೊತ್ತಾಗುವುದು. ಇದೇ ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ದೇವರದು ಅನ್ನುವ ನಿಯಮ ಊರವರೇ ಮಾಡಿಕೊಂಡದ್ದು. ಆ ಕಾಡುಗಳೂ ಒತ್ತುವರಿಯಿಂದ ಕುಗ್ಗಿವೆ, ಅದನ್ನು ಮುಚ್ಚಿಡಬೇಕಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ

ತೀರ್ಮಾನ ಯಾರದು ಎಂಬ ಪ್ರಶ್ನೆ ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನಮ್ಮ ರಾಜ್ಯದಲ್ಲಿ ಬೇರೆಲ್ಲೂ ಕಾಣುವುದಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಸೋಲಿಗ ಆದಿವಾಸಿಗಳ ನೆಲ. 1974ರಲ್ಲಿ ಅಭಯಾರಣ್ಯವಾಯಿತು. ಕಾಡಿನ ಒಳಗೆ ಜಾಗ ಬದಲಿಸುತ್ತಾ ಬೇಸಾಯ ಮಾಡುತ್ತಿದ್ದವರನ್ನು ಪೋಡು ಎನ್ನುವ ಹಟ್ಟಿಗಳಲ್ಲಿ ನೆಲೆ ನಿಲ್ಲಿಸಿದರು. ಬೇಟೆ ನಿಂತಿತು, ಬೇಸಾಯ ನಿಂತಿತು, ಜತೆಗೆ ತರಗು ಬೆಂಕಿಯೂ ನಿಂತಿತು.

ತರಗು ಬೆಂಕಿ ಅಂದರೆ ಬೇಸಿಗೆ ಏರುವ ಮೊದಲೇ, ಚಳಿಗಾಲದ ಕೊನೆಯಲ್ಲಿ, ನೆಲದ ಒಣಎಲೆಗೆ ಹಾಕುವ ಸಣ್ಣ ಬೆಂಕಿ. ಮೊಣಕಾಲೆತ್ತರ ಬರುವಷ್ಟರಲ್ಲಿ ಆರಿಹೋಗುತ್ತದೆ. ಹುಲ್ಲು ಚಿಗುರುತ್ತದೆ, ಮೇವು ಸಿಗುತ್ತದೆ, ಮೇ ತಿಂಗಳಲ್ಲಿ ದೊಡ್ಡ ಬೆಂಕಿ ಬಿದ್ದರೂ ಸುಡಲು ನೆಲದಲ್ಲಿ ಏನೂ ಉಳಿದಿರುವುದಿಲ್ಲ. ಇದು ಸೋಲಿಗರ ಲೆಕ್ಕ. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಬೆಂಕಿ ಎಂದರೆ ಬೆಂಕಿ. ಅಭಯಾರಣ್ಯದೊಳಗೆ ಕಡ್ಡಿ ಗೀರುವುದು ಅಪರಾಧ.

ಬೆಂಕಿ ನಿಂತ ಮೇಲೆ ಎರಡು ಬದಲಾವಣೆ ಆಯಿತು ಎನ್ನುತ್ತಾರೆ ಸೋಲಿಗರು. ಒಂದು, ಬೆಟ್ಟದ ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಪರಾವಲಂಬಿ ಗಿಡ ವಿಪರೀತ ಹೆಚ್ಚಿತು. ಮರದ ರಸ ಹೀರಿ ಅದನ್ನೇ ಒಣಗಿಸುವ ಗಿಡ ಅದು. ಎರಡು, ಲಂಟಾನ. ಈ ಮುಳ್ಳುಪೊದೆಯನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಅಮೆರಿಕ ಖಂಡದಿಂದ ತಂದರು. ಈಗ ದೇಶದ ಹುಲಿ ಕಾಡುಗಳಲ್ಲಿ ಸುಮಾರು 1.54 ಲಕ್ಷ ಚದರ ಕಿಲೋಮೀಟರಿಗೆ ಅದರ ಬಾಧೆ ಇದೆ ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಬಿಳಿಗಿರಿರಂಗನ ಬೆಟ್ಟದಲ್ಲೇ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಒಮ್ಮೆ, 2008ರಲ್ಲಿ ಒಮ್ಮೆ ಒಂದೇ ಕಾಡನ್ನು ಅಳೆದರು. ಲಂಟಾನ ಇದ್ದ ಜಾಗಗಳು ಆ ನಡುವೆ ಹೆಚ್ಚುಕಡಿಮೆ ದುಪ್ಪಟ್ಟಾಗಿದ್ದವು.

ಇಲ್ಲಿ ಸಂಶೋಧಕರ ನಡುವೆ ಪೂರ್ತಿ ಒಮ್ಮತ ಇಲ್ಲ. ಬೆಂಕಿ ನಿಂತಿದ್ದರಿಂದಲೇ ಲಂಟಾನ ಹಬ್ಬಿತೇ, ಅಥವಾ ಬೇಸಿಗೆಯ ದೊಡ್ಡ ಬೆಂಕಿಯೇ ಅದಕ್ಕೆ ಜಾಗ ಮಾಡಿಕೊಟ್ಟಿತೇ? ಲಂಟಾನ ಒಣಗಿದರೆ ಜೋರಾಗಿ ಉರಿಯುತ್ತದೆ, ಉರಿದ ಜಾಗದಲ್ಲಿ ಬುಡದಿಂದ ಮತ್ತೆ ಅದೇ ಮೊದಲು ಚಿಗುರುತ್ತದೆ. ಈ ಚಕ್ರ ಒಮ್ಮೆ ಶುರುವಾದ ಮೇಲೆ ಹಳೆಯ ತರಗು ಬೆಂಕಿಯನ್ನು ಹಾಗೆಯೇ ವಾಪಸ್ ತಂದರೆ ಆಗುವುದಿಲ್ಲ, ಮೊದಲು ಪೊದೆ ಕಡಿಯಬೇಕು. ಸೋಲಿಗರು ಇದನ್ನು ಅಲ್ಲಗಳೆಯುವುದಿಲ್ಲ. ಅವರು ಕೇಳುವುದು ಬೇರೆ: ಐವತ್ತು ವರ್ಷದ ಹಿಂದೆ ನಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ?

2000ದ ದಶಕದ ಮಧ್ಯದಲ್ಲಿ ನೆಲ್ಲಿ, ಜೇನು, ಪಾಚಿ ಸಂಗ್ರಹಕ್ಕೂ ನಿಷೇಧ ಬಿತ್ತು. ಮನೆಯ ಆದಾಯದ ದೊಡ್ಡ ಪಾಲು ಒಂದೇ ಆದೇಶಕ್ಕೆ ಹೋಯಿತು. ಅಷ್ಟರಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನ ಒಳಗೇ ಜನರಿಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು.

ಅಧಿಕೃತ ಗಣತಿ ಪ್ರಕಾರ ಅಲ್ಲಿ 2010ರಲ್ಲಿ 35 ಹುಲಿ, 2014ರಲ್ಲಿ 68. ಜನ ಇದ್ದರೂ ಹುಲಿ ಹೆಚ್ಚಿತು ಎಂದು ಹಕ್ಕುಗಳ ಪರ ಇರುವವರು ಇದನ್ನು ತೋರಿಸುತ್ತಾರೆ. ಜನರಿಂದಲೇ ಹೆಚ್ಚಿತು ಎಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರೂ ಇದ್ದಾರೆ. ಮೊದಲನೆಯದನ್ನು ಒಪ್ಪಬಹುದು. ಎರಡನೆಯದಕ್ಕೆ ಈ ಎರಡು ಅಂಕಿ ಸಾಲುವುದಿಲ್ಲ, ಯಾಕೆಂದರೆ ಗಣತಿ ಮಾಡುವ ವಿಧಾನ, ಪಕ್ಕದ ಕಾಡುಗಳಿಂದ ಬರುವ ಹುಲಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆದರೂ ಜನ ಇದ್ದರೆ ಹುಲಿ ಉಳಿಯುವುದೇ ಇಲ್ಲ ಎಂಬ ಹಳೆಯ ವಾದಕ್ಕೆ ಇದು ಸರಿಯಾದ ಪೆಟ್ಟು.

ಊರಿನ ಸೊತ್ತನ್ನು ಊರವರೇ ಹಾಳುಮಾಡುತ್ತಾರೆ ಎಂಬ ನಂಬಿಕೆಯನ್ನು ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್ ಜೀವಮಾನವಿಡೀ ಪರೀಕ್ಷಿಸಿದರು. ಮೀನುಗಾರರ ಕಡಲು, ರೈತರ ಕಾಲುವೆ, ಹಳ್ಳಿಗರ ಹುಲ್ಲುಗಾವಲು ಎಲ್ಲ ನೋಡಿದ ಮೇಲೆ ಅವರು ಹೇಳಿದ್ದು: ಯಾರು ಒಳಗಿನವರು ಎಂಬುದು ಸ್ಪಷ್ಟವಿದ್ದು, ನಿಯಮ ಮಾಡುವುದರಲ್ಲಿ ಬಳಸುವವರಿಗೇ ಪಾಲಿದ್ದು, ತಪ್ಪಿದವರಿಗೆ ಸಣ್ಣದರಿಂದ ಶುರುವಾಗುವ ದಂಡವಿದ್ದರೆ ಅಂಥ ಸೊತ್ತು ತಲೆಮಾರುಗಟ್ಟಲೆ ಉಳಿಯುತ್ತದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಬಿಳಿಗಿರಿರಂಗನ ಬೆಟ್ಟದಲ್ಲಿ ನಿಯಮ ಮಾಡುವ ಪಾಲು ಕಾಗದದಲ್ಲಿ ಸಿಕ್ಕಿದೆ. ತರಗಿಗೆ ಬೆಂಕಿ ಹಾಕಬೇಕೇ ಬೇಡವೇ ಎಂಬ ಮಾತು ಮಾತ್ರ ಇನ್ನೂ ಸೋಲಿಗರ ಕೈಯಲ್ಲಿಲ್ಲ.

ಲಂಟಾನವನ್ನೇ ಆದಾಯ ಮಾಡುವ ಪ್ರಯತ್ನಗಳೂ ನಡೆದಿವೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡಿದರು. ನೀಲಗಿರಿಯ ಗೂಡಲೂರು ಕಡೆ ಆದಿವಾಸಿ ಕುಶಲಕರ್ಮಿಗಳು ಮಾಡಿದ ಆಳೆತ್ತರಕ್ಕೂ ಮೀರಿದ ಲಂಟಾನ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಕೂಲಿ ಸಿಕ್ಕಿತು, ಹೆಸರು ಬಂತು, ಒಳ್ಳೆಯದೇ. ಆದರೆ ಆನೆ ಮಾಡಿ ಮುಗಿಯುವಷ್ಟು ಲಂಟಾನ ನಮ್ಮ ಕಾಡಿನಲ್ಲಿಲ್ಲ, ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ.

ಊರಾಚೆಯ ತೀರ್ಮಾನಗಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಡಂಚಿನ ಜನರ ಮಾತಾಯಿತು. ಸಂಶೋಧನೆಯಲ್ಲೂ ಇದೇ ಓರೆ ಇದೆ. ಬಡ ರೈತನ ನಡವಳಿಕೆ ಬದಲಿಸುವುದು ಹೇಗೆ ಎಂದು ಸಾಕಷ್ಟು ಅಧ್ಯಯನ ಸಿಗುತ್ತವೆ. ಗಣಿ ಕಂಪನಿಯ, ಬ್ಯಾಂಕಿನ, ಮಂತ್ರಾಲಯದ ನಡವಳಿಕೆ ಬದಲಿಸುವುದು ಹೇಗೆ ಎಂಬುದಕ್ಕೆ ಅಷ್ಟು ಸಿಗುವುದಿಲ್ಲ.

2010ರಲ್ಲಿ ಜಪಾನಿನಲ್ಲಿ ದೇಶಗಳು ಸೇರಿ ಜೀವವೈವಿಧ್ಯ ಉಳಿಸಲು 20 ಗುರಿ ಹಾಕಿಕೊಂಡವು. 2020ರ ಹೊತ್ತಿಗೆ ಒಂದೂ ಪೂರ್ತಿ ಈಡೇರಲಿಲ್ಲ. 2022ರ ಡಿಸೆಂಬರಿನಲ್ಲಿ ಕುನ್ಮಿಂಗ್-ಮಾಂಟ್ರಿಯಲ್ ಒಪ್ಪಂದದಲ್ಲಿ ಹೊಸದಾಗಿ 23 ಗುರಿ ಬಂದವು. ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದು ಮೂರನೆಯ ಗುರಿ, 2030ರೊಳಗೆ ನೆಲ ಮತ್ತು ಕಡಲಿನ ಶೇಕಡ 30ರಷ್ಟನ್ನು ಸಂರಕ್ಷಿಸುವುದು. ನನ್ನ ಕಣ್ಣಿಗೆ ಬೀಳುವುದು ಹದಿನೆಂಟನೆಯದು. ಪ್ರಕೃತಿಗೆ ಹಾನಿ ಮಾಡುವ ಸಬ್ಸಿಡಿಗಳನ್ನು ವರ್ಷಕ್ಕೆ ಕನಿಷ್ಠ 500 ಬಿಲಿಯನ್ ಡಾಲರಿನಷ್ಟು ಇಳಿಸಬೇಕೆಂದು ಅದು ಹೇಳುತ್ತದೆ. ಒಂದು ಕೈಯಲ್ಲಿ ಕಾಡು ಉಳಿಸಲು ಹಣ ಕೊಟ್ಟು ಇನ್ನೊಂದು ಕೈಯಲ್ಲಿ ಕಡಲು ಬರಿದು ಮಾಡುವ ಡೀಸೆಲ್‌ಗೆ ರಿಯಾಯಿತಿ ಕೊಟ್ಟರೆ ಲೆಕ್ಕ ಯಾವ ಕಡೆ ಹೋಗುತ್ತದೆ? ಆದರೆ ಈ ರಿಯಾಯಿತಿ ಕಿತ್ತರೆ ಮೊದಲು ಪೆಟ್ಟು ತಿನ್ನುವವನು ಸಣ್ಣ ದೋಣಿಯ ಮೀನುಗಾರ. ಯಾವುದನ್ನು ಕೀಳಬೇಕು, ಯಾರಿಗೆ ಬದಲಿ ಕೊಡಬೇಕು ಎಂದು ವಿಂಗಡಿಸುವುದು ಸಂಶೋಧಕರ ಮುಂದಿರುವ ನಿಜವಾದ ಕಷ್ಟದ ಕೆಲಸ.

ನಮ್ಮ ದೇಶದಲ್ಲಿ ಊರಮಟ್ಟದ ತೀರ್ಮಾನಕ್ಕೂ ಒಂದು ಕಾನೂನಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿ, ಪುರಸಭೆಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡ, ಪ್ರಾಣಿ, ತಳಿ, ನಾಟಿ ಔಷಧಿಯ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ದಾರಿ ತೋರಿದ ಪರಿಸರವಿಜ್ಞಾನಿ ಮಾಧವ ಗಾಡ್ಗೀಳರ ಆರಂಭದ ಪ್ರಯೋಗಗಳು ನಡೆದದ್ದರಲ್ಲಿ ಕರ್ನಾಟಕದ ಹಳ್ಳಿಗಳೂ ಸೇರಿವೆ. ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2020ರ ಜನವರಿ ಕೊನೆಯೊಳಗೆ ಕೆಲಸ ಮುಗಿಯದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಿತು. ಆಮೇಲೆ ನೋಡಿ ಓಟ. ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಿತಿಗಳಾದವು. ಗಡುವಿಗೆ ಹೆದರಿ ಬರೆದ ದಾಖಲಾತಿಯಲ್ಲಿ ಊರಿನ ಹಿರಿಯರ ಮಾತು ಎಷ್ಟಿರುತ್ತದೆ ಎಂದು ನೀವೇ ಊಹಿಸಿ.

ಈ ಸಮಿತಿಗೆ ಕಾನೂನಿನಲ್ಲಿ ಸಿಕ್ಕಿರುವ ಅಧಿಕಾರ ಕಡಿಮೆಯದಲ್ಲ. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕೆಂದು ಗಿಡಮೂಲಿಕೆ ಸಂಗ್ರಹಿಸುವವರಿಂದ ಶುಲ್ಕ ವಸೂಲಿ ಮಾಡಬಹುದು. ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಆ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಲ ಯಾವಾಗ ಸಭೆ ಸೇರಿತ್ತು, ದಾಖಲಾತಿಯ ಪ್ರತಿ ಎಲ್ಲಿದೆ ಎಂದು ಕೇಳಿ ನೋಡಬಹುದು. ಪುಸ್ತಕ ಸಿಕ್ಕರೆ ನಿಮ್ಮೂರಿನ ಕೆರೆಯ ಮೀನುಗಳ ಪುಟ ತೆರೆಯಿರಿ. ಅಲ್ಲಿರುವುದು ನಿಮ್ಮ ಕೆರೆಯ ಮೀನೋ, ಪಕ್ಕದ ತಾಲ್ಲೂಕಿನ ದಾಖಲಾತಿಯಿಂದ ನಕಲು ಮಾಡಿದ ಪಟ್ಟಿಯೋ ಎಂಬುದು ಬಲೆ ಬೀಸಿ ಗೊತ್ತಿರುವವರಿಗೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.